ಡಕ್ ನಿಲುವೋ, ಮುಂದಕ್ಕೆ ತಿರುಗಿದ ನಿಲುವೋ?

ಚಿಕ್ಕಬಳ್ಳಾಪುರದಿಂದ ಕಾಶ್ಮೀರದ ಗುಲ್ಮಾರ್ಗ್‌ಗೆ ಸ್ನೋಬೋರ್ಡ್ (ಹಿಮದ ಮೇಲೆ ಅಡ್ಡ ನಿಂತು ಜಾರುವ ಹಲಗೆ) ಕಲಿಯಲು ಹೊರಟ ಗೆಳೆಯರು ಮೊದಲು ಕೇಳುವುದು ಬೋರ್ಡ್ ಬಗ್ಗೆ. ನನ್ನ ಮಾತು ಒಂದೇ: ಬೈಂಡಿಂಗ್, ಅಂದರೆ ಬೂಟನ್ನು ಬೋರ್ಡಿಗೆ ಬಿಗಿಯುವ ಹಿಡಿ, ಯಾವ ಕೋನದಲ್ಲಿದೆ ನೋಡಿಕೊಳ್ಳಿ. ಬಾಡಿಗೆ ಬೋರ್ಡ್ ಆದರೂ ಅಂಗಡಿಯವರಿಗೆ ಹೇಳಿದರೆ ಸ್ಕ್ರೂ ಸಡಿಲಿಸಿ ತಿರುಗಿಸಿ ಕೊಡುತ್ತಾರೆ.

ಡಕ್ ನಿಲುವಿನಲ್ಲಿ ಎರಡೂ ಪಾದ ಬಾತುಕೋಳಿಯ ಹಾಗೆ ಹೊರಕ್ಕೆ ತಿರುಗಿರುತ್ತವೆ. ಮುಂದಿನದು +15 ಡಿಗ್ರಿ, ಹಿಂದಿನದು -9 ಅಥವಾ -15. ಪಾದ ಬೋರ್ಡಿಗೆ ನೇರ ಅಡ್ಡವಿದ್ದರೆ 0; + ಅಂದರೆ ಬೋರ್ಡಿನ ಮುಂದಿನ ತುದಿಯ ಕಡೆಗೆ, - ಅಂದರೆ ಹಿಂದಿನ ತುದಿಯ ಕಡೆಗೆ ತಿರುಗಿದೆ ಅಂತ. ಯಾವ ಕಾಲು ಮುಂದಿಟ್ಟರೂ ಜಾರಬಹುದು. ಜಿಗಿಯಲು, ಗಾಳಿಯಲ್ಲಿ ತಿರುಗಲು ಇದೇ ಸರಿ. ಹೊಸಬರಿಗೆ ನಾನು ಹೇಳುವುದು +15, -9.

ಮುಂದಕ್ಕೆ ತಿರುಗಿದ ನಿಲುವಿನಲ್ಲಿ ಎರಡೂ ಪಾದ ಮುಂದಕ್ಕೇ ಇರುತ್ತವೆ, ಉದಾಹರಣೆಗೆ +21, +6. ಬೋರ್ಡಿನ ಅಂಚು ಊರಿ, ವೇಗವಾಗಿ, ಉದ್ದುದ್ದ ತಿರುವು ತೆಗೆಯುವವರಿಗೆ ಇದು ಖುಷಿ ಕೊಡುತ್ತದೆ. ಆದರೆ ಹಿಂದಿನ ಕಾಲು ಮುಂದಾಗಿ ಜಾರುವುದು ಕಷ್ಟ. ಮೊದಲ ವಾರಕ್ಕೆ ಇದು ಬೇಡ.

ಆಳವಾದ ಹೊಸ ಹಿಮವಿದ್ದರೆ ಕೋನಕ್ಕಿಂತ ಬೈಂಡಿಂಗ್ ಇರುವ ಜಾಗವೇ ಮುಖ್ಯ. ಎರಡೂ ಬೈಂಡಿಂಗನ್ನು ಸುಮಾರು 2 ಸೆಂ.ಮೀ. ಹಿಂದಕ್ಕೆ ಸರಿಸಿ. ಬೋರ್ಡಿನ ಮೂತಿ ಹಿಮದೊಳಗೆ ಹೂತುಹೋಗದೆ ಮೇಲೇ ತೇಲುತ್ತದೆ. ಪಾದಗಳ ನಡುವಿನ ಅಂತರ ಭುಜದ ಅಗಲಕ್ಕಿಂತ ಸ್ವಲ್ಪ ಜಾಸ್ತಿ ಸಾಕು.

ಹೊರಡುವ ಮುಂಚೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಬರಿಗಾಲಲ್ಲಿ ಸುಮ್ನೆ ಒಮ್ಮೆ ಮೇಲಕ್ಕೆ ಜಿಗಿದು, ಮೊಣಕಾಲು ಬಗ್ಗಿಸಿ ನಿಲ್ಲಿ. ಬೆರಳು ಹೊರಕ್ಕೆ ನೋಡುತ್ತಿವೆ ಅಲ್ವಾ? ಮೊಣಕಾಲೂ ಅದೇ ಕಡೆಗೆ ಬಾಗಬೇಕು. ಬೋರ್ಡ್ ಮೇಲೆ ನಿಂತಾಗ ಮಂಡಿ ಒಳಕ್ಕೆ ಎಳೆದ ಹಾಗೆ ನೋವಾದರೆ ಹಿಂದಿನ ಪಾದದ ಕೋನ 3 ಡಿಗ್ರಿ ಬದಲಿಸಿ ನೋಡಿ.