ಹಾರ್ಮೋನಿಯಮ್ಮೋ, ಯುಕುಲೇಲೆಯೋ?

ಕೂಡಿ ಹಾಡುವ ಗುಂಪಿಗೆ ಹೊಸಬರು ಏನು ಹಿಡಿದುಕೊಂಡು ಹೋಗಬೇಕು? ಚಿಕ್ಕಮಗಳೂರಿನ ಕಡೆ ಭಜನೆ ಮಂಡಳಿಯವರನ್ನು ಕೇಳಿದರೆ ಹಾರ್ಮೋನಿಯಂ, ಕಾಲೇಜು ಹುಡುಗರನ್ನು ಕೇಳಿದರೆ ನಾಲ್ಕು ತಂತಿಯ ಪುಟ್ಟ ಗಿಟಾರಿನಂಥ ಯುಕುಲೇಲೆ. ಅವೇ ಹಾಡುಗಳಿಗೆ ಎರಡನ್ನೂ ನುಡಿಸಿ ನೋಡಿದಾಗ ವ್ಯತ್ಯಾಸ ಮೊದಲು ಎದ್ದು ಕಂಡದ್ದು ಶ್ರುತಿಯಲ್ಲಿ.

ಹಾರ್ಮೋನಿಯಂನ ಮನೆಗಳನ್ನು, ಅಂದರೆ ಒತ್ತುವ ಕೀಲಿಗಳನ್ನು, ಬಣ್ಣ ಮತ್ತು ಎಣಿಕೆಯಿಂದ ಕರೆಯುತ್ತಾರೆ; ಶ್ರುತಿಗೂ ಅದೇ ಹೆಸರು. ಗಂಡಸರು ಕಪ್ಪು ಒಂದು ಕೇಳುತ್ತಾರೆ, ಹೆಂಗಸರು ಬಿಳಿ ಐದು. ಹಾರ್ಮೋನಿಯಂನಲ್ಲಿ ಷಡ್ಜದ (ಸ ಸ್ವರದ) ಮನೆ ಬದಲಿಸಿದರೆ ಆಯಿತು, ಆದರೆ ಬೆರಳಿನ ದಾರಿ ಪೂರ್ತಿ ಬೇರೆ. ಶಂಕರಾಭರಣ ರಾಗ ಬಿಳಿ ಒಂದರಲ್ಲಿ ಬರೀ ಬಿಳಿ. ಕಪ್ಪು ಒಂದರಲ್ಲಿ ಐದು ಕಪ್ಪು, ಎರಡು ಬಿಳಿ. ಮೊದಲ ತಿಂಗಳು ಕಪ್ಪು ಮೂರನ್ನು ಷಡ್ಜ ಮಾಡಿಕೊಂಡು ಕಪ್ಪು ಮನೆಗಳಲ್ಲೇ ಓಡಾಡಿ. ಐದೂ ಸೇರಿದರೆ ಮೋಹನ ರಾಗ, ಅಪಸ್ವರಕ್ಕೆ ಜಾಗವೇ ಇಲ್ಲ. ಎಡವುವುದು ಗಾಳಿ ಒತ್ತುವ ತಿದಿಯಲ್ಲಿ: ಸ್ವರಕ್ಕೊಂದು ಸಲ ಒತ್ತಿದರೆ ನಾದ ಬಿಕ್ಕಳಿಸುತ್ತದೆ. ಸ್ವರದ ಲೆಕ್ಕ ಬಿಟ್ಟು, ಗಾಳಿ ಮುಗಿಯುವ ಮೊದಲೇ ಹಗುರಾಗಿ ಒತ್ತುತ್ತಿರಬೇಕು. ಒಂದೇ ಸ್ವರವನ್ನು ಎಡೆಬಿಡದೆ ನುಡಿಸುವ ಶ್ರುತಿಯ ಗುಂಡಿಗಳನ್ನು ಮುಚ್ಚಿಡಿ. ಅವು ಒಂದೊಂದು ಗೊತ್ತಾದ ಮನೆಯವು, ನಿಮ್ಮ ಷಡ್ಜಕ್ಕೆ ಹೊಂದದಿದ್ದರೆ ಇಡೀ ಹಾಡು ಕೆಡುತ್ತದೆ.

ಯುಕುಲೇಲೆ ಬೇಗ ಕೈಹಿಡಿಯುತ್ತದೆ, ಇದರಲ್ಲಿ ಅನುಮಾನವಿಲ್ಲ. ಒಟ್ಟಿಗೆ ಮೊಳಗುವ ಸ್ವರಗಳ ಗುಂಪಿಗೆ ಕಾರ್ಡ್ ಎನ್ನುತ್ತಾರೆ. ಸಿ, ಎ ಮೈನರ್ ಕಾರ್ಡ್‌ಗಳಿಗೆ ಒಂದೊಂದೇ ಬೆರಳು, ಎಫ್‌ಗೆ ಎರಡು, ಜಿ ಸೆವೆನ್‌ಗೆ ಮೂರು. ಕತ್ತಿನ ಮೊದಲ ಫ್ರೆಟ್‌ಗೆ (ಅಡ್ಡಪಟ್ಟಿಗೆ) ಕ್ಯಾಪೋ, ಅಂದರೆ ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್, ಹಾಕಿ ಸಿ ಹಿಡಿದರೆ ಅದೇ ಕಪ್ಪು ಒಂದು. ಬಿಳಿ ಐದಕ್ಕೆ ಜಿ, ಸಿ, ಡಿ ಸೆವೆನ್, ಇ ಮೈನರ್ ಕಲಿಯಬೇಕು. ತೊಡಕು ಬರುವುದು ರಾಗದ ಧಾಟಿಯಲ್ಲಿ. ಸಿ (ಬಿಳಿ ಒಂದು) ಷಡ್ಜವಾಗಿ ಕಲ್ಯಾಣಿ ರಾಗದ ಧಾಟಿಗೆ ಎಫ್ ಹಿಡಿದರೆ ಹಾಡುವವರ ಪ್ರತಿಮಧ್ಯಮದ (ಮೇಲಿನ ಮ) ಪಕ್ಕದಲ್ಲೇ ಶುದ್ಧ ಮಧ್ಯಮ (ಕೆಳಗಿನ ಮ) ಮೊಳಗುತ್ತದೆ. ಅಲ್ಲಿ ಡಿ ಮೇಜರ್ ಹಿಡಿಯಿರಿ. ಅದರ ಮೂರೂ ಸ್ವರ ಕಲ್ಯಾಣಿಯವೇ. ತೋಡಿಯಂಥ ರಾಗ ಬಂದಾಗ ಕಾರ್ಡ್ ಬಿಟ್ಟು ತಾಳಕ್ಕೆ ತಂತಿ ತಟ್ಟುತ್ತ ಕೂರುವುದೇ ಮರ್ಯಾದೆ. ಹೊಸ ನೈಲಾನ್ ತಂತಿ ಮೊದಲ ವಾರ ಎಳೆಯುತ್ತಲೇ ಇರುತ್ತದೆ, ಹಾಡಿಗೊಮ್ಮೆ ಶ್ರುತಿ ನೋಡಲೇಬೇಕು.

ಇನ್ನು ಮಳೆ. ಮೂಡಿಗೆರೆ, ಸಕಲೇಶಪುರದ ಆಷಾಢದಲ್ಲಿ ಹಾರ್ಮೋನಿಯಂನ ಮರ ಉಬ್ಬಿ ಒತ್ತಿದ ಮನೆ ಮೇಲೇಳುವುದಿಲ್ಲ, ಒಂದು ಸ್ವರ ಕೂಗುತ್ತಲೇ ಇರುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಬಿಸಿಲಿಗಿಟ್ಟರೆ ಅಂಟು ಬಿಡುತ್ತದೆ. ಕಡೂರು, ಅರಸೀಕೆರೆಯ ಬಯಲಿನಲ್ಲಿ ಈ ಕಾಟ ಕಡಿಮೆ. ತಬಲಾದ ಚರ್ಮವೂ ತೇವಕ್ಕೆ ಸಡಿಲಾಗಿ ಶ್ರುತಿ ಇಳಿಯುವುದರಿಂದ ಮಲೆನಾಡಿನಲ್ಲಿ ಮಳೆಗಾಲಕ್ಕೆ ಕಹೋನ್, ಅಂದರೆ ಮೇಲೆ ಕೂತು ತಟ್ಟುವ ಮರದ ಪೆಟ್ಟಿಗೆ, ವಾಸಿ. ಯುಕುಲೇಲೆಗೆ ಮಳೆಯ ಏಟು ಬೇರೆ ಥರದ್ದು: ಮಾಡಿನ ಶೀಟಿನ ಮೇಲೆ ಹನಿ ಬಿದ್ದರೆ ಪಕ್ಕದವರಿಗೂ ಕೇಳಿಸುವುದಿಲ್ಲ.

ಐದಾರು ಜನ ದನಿಯೆತ್ತಿ ಹಾಡುವ ಕಡೆ ನಮ್ಮ ಮತ ಹಾರ್ಮೋನಿಯಂಗೆ, ಭಾರವಾದರೂ ಸರಿ. ಇಬ್ಬರು ಮೂವರು ಬೈಕಿನಲ್ಲಿ ತೋಟದ ಮನೆಗೆ ಹೋಗಿ ಸೇರುವುದಾದರೆ ಯುಕುಲೇಲೆ. ಎರಡೂ ಒಟ್ಟಿಗಿದ್ದಾಗ ಮೊಬೈಲ್ ಟ್ಯೂನರ್ ನಂಬಬೇಡಿ. ಹಳೆಯ ಹಾರ್ಮೋನಿಯಂ ಅದಕ್ಕಿಂತ ತುಸು ಏರಿಯೋ ಇಳಿದೋ ಇರಬಹುದು, ಒಳಗೆ ನಾದ ಕೊಡುವ ಲೋಹದ ಪಟ್ಟಿಯನ್ನು (ರೀಡ್) ಕೂತಲ್ಲೇ ತಿದ್ದಲಾಗದು. ಬಿಳಿ ಐದು, ಒಂದು, ಮೂರು, ಆರು ಒತ್ತಿಸಿಕೊಂಡು ಯುಕುಲೇಲೆಯ ನಾಲ್ಕು ತಂತಿಯನ್ನು ಅದಕ್ಕೇ ಕೂಡಿಸಿ.