ಹಸಿ ಕಸದ ಯಂತ್ರ: ಒಣಗಿಸೋದಕ್ಕೆ ಸೈ, ಗೊಬ್ಬರಕ್ಕೆ ಸಾಲದು

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹಸಿ ಕಸದಿಂದ ಗೊಬ್ಬರ ಮಾಡುವ ಕರೆಂಟಿನ ಯಂತ್ರ ಹಾಕಿಸಿ ಕೆಲವು ವರ್ಷಗಳಾದವು. ಕಮಿಟಿಯಲ್ಲಿ ಬೇರೆ ಯಾರೂ ಒಪ್ಪದ ಕಾರಣ ಅದರ ಉಸ್ತುವಾರಿ ನನ್ನ ಪಾಲಿಗೆ ಬಂತು. ಕೊಂಡ ವಾರದಲ್ಲೇ ಐದು ಸ್ಟಾರ್ ಕೊಟ್ಟ ವಿಮರ್ಶೆಗಳು ಎಲ್ಲಿ ಬೇಕಾದರೂ ಸಿಗುತ್ತವೆ. ಇದು ವಾರಂಟಿ ಮುಗಿದ ಮೇಲಿನ ಮಾತು.

ಯಂತ್ರ ಕೆಟ್ಟದ್ದೇನಲ್ಲ. ಅದರ ಮೈಮೇಲೆ ಅಂಟಿಸಿರುವ ‘24 ಗಂಟೆಯಲ್ಲಿ ಗೊಬ್ಬರ’ ಅನ್ನುವ ಸ್ಟಿಕ್ಕರ್ ಮಾತ್ರ ಸುಳ್ಳು.

ಒಳಗೆ ನಡೆಯುವುದು ಇಷ್ಟೇ. ಬ್ಲೇಡು ಕಸವನ್ನು ಚೂರು ಮಾಡುತ್ತದೆ, ಹೀಟರ್ ನೀರನ್ನು ಆರಿಸುತ್ತದೆ, ಫ್ಯಾನು ಹಬೆಯನ್ನು ಹೊರಗೆ ತಳ್ಳುತ್ತದೆ. ಮರುದಿನ ಬಾಗಿಲು ತೆಗೆದರೆ ಕಂದು ಬಣ್ಣದ ಪುಡಿ. ‘ಕಸದ ತೂಕ ಶೇ. 80ರಷ್ಟು ಇಳಿಯುತ್ತದೆ’ ಅಂತ ಮಾರುವವರು ಹೆಮ್ಮೆಯಿಂದ ಹೇಳುತ್ತಾರೆ. ಇಳಿಯದೆ ಏನು ಮಾಡೀತು? ಅಡುಗೆಮನೆಯ ಕಸದಲ್ಲಿ ಶೇ. 70ರಿಂದ 80 ಭಾಗ ನೀರೇ ಇರುತ್ತದೆ. ನೀರು ಹೋಯಿತು, ಕಸ ಹಾಗೇ ಉಳಿಯಿತು. ಕೊಳೆಸುವ ಕೆಲಸ ಸೂಕ್ಷ್ಮಾಣುಗಳದ್ದು. ಅವಕ್ಕೆ ಶೇ. 50ರಿಂದ 60ರಷ್ಟು ತೇವ ಬೇಕು. 40ಕ್ಕಿಂತ ಕೆಳಗಿಳಿದರೆ ಕೆಲಸ ಕುಂಟುತ್ತದೆ, ಪೂರ್ತಿ ಒಣಗಿದರೆ ನಿಂತೇ ಹೋಗುತ್ತದೆ. ಅಂದರೆ ಗೊಬ್ಬರ ಆಗಲು ಏನು ಬೇಕೋ ಅದನ್ನೇ ಈ ಯಂತ್ರ ಕಿತ್ತುಕೊಳ್ಳುತ್ತದೆ!

ನಂಬಿಕೆ ಬರದಿದ್ದರೆ ಒಂದು ಹಿಡಿ ಪುಡಿಯನ್ನು ಬಾಟಲಿಗೆ ಹಾಕಿ, ನೀರು ಚಿಮುಕಿಸಿ, ಮುಚ್ಚಳ ಹಾಕಿಡಿ. ಎರಡು ಮೂರು ದಿನ ಬಿಟ್ಟು ಮೂಗು ಸ್ವಲ್ಪ ದೂರ ಇಟ್ಟುಕೊಂಡೇ ತೆಗೆಯಿರಿ. ಬಿಳಿ ಬೂಷ್ಟು, ಹುಳಿ ವಾಸನೆ. ಮಾಗಿದ ಗೊಬ್ಬರಕ್ಕೆ ನೀರು ಹಾಕಿದರೆ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ, ಅಷ್ಟೇ. ಈ ಪುಡಿಯನ್ನು ನೇರವಾಗಿ ಕುಂಡಕ್ಕೆ ಸುರಿದರೆ ಅದು ಬೇರಿನ ಪಕ್ಕದಲ್ಲೇ ಕೊಳೆಯಲು ಶುರುವಾಗುತ್ತದೆ. ಗಿಡ ಸೊರಗುತ್ತದೆ. ಸರ್ವೀಸಿಗೆ ಬಂದ ಹುಡುಗನಿಗೆ ಬಾಟಲಿ ತೋರಿಸಿದೆ. “ಸಾರ್, ಪುಡಿ ಬರ್ತಿದೆ ಅಲ್ವಾ, ಅದೇ ಗೊಬ್ಬರ” ಅಂದ. ಪಾಪ, ಅವನಿಗೆ ಹೇಳಿಕೊಟ್ಟಿದ್ದೇ ಅಷ್ಟು.

ಹಾಗಾದರೆ ಯಂತ್ರ ದಂಡವೇ? ಇಲ್ಲ. ಒಣಗಿದ ಪುಡಿಗೆ ನೊಣ ಮುತ್ತುವುದಿಲ್ಲ, ನೀರು ಸೋರುವುದಿಲ್ಲ, ಚೀಲದಲ್ಲಿ ಕಟ್ಟಿ ಕೆಲವು ದಿನ ಇಡಬಹುದು. ಮೊದಲು ಬಿನ್ ತಳದಲ್ಲಿ ನಿಲ್ಲುತ್ತಿದ್ದ ಆ ಕಪ್ಪು ರಸದ ಕಾಟ ತಪ್ಪಿತು. ಜಾಗ ಇಲ್ಲದ ಕಡೆ ಇದೂ ಸಣ್ಣ ವಿಷಯವಲ್ಲ.

ಅಸಲಿ ಗೊಬ್ಬರ ಆಗುತ್ತಿರುವುದು ಹಿಂಬದಿಯ ಜಾಲರಿ ತೊಟ್ಟಿಗಳಲ್ಲಿ. ಅವಕ್ಕೆ ಮೋಟಾರಿಲ್ಲ, ಸ್ಕ್ರೀನಿಲ್ಲ. ಸುತ್ತಲೂ ಗಾಳಿ ಆಡುವ ತಂತಿ ಜಾಲರಿ, ಕೆಳಗೆ ಕಡ್ಡಿಗಳ ಹಾಸು. ಒಂದೊಂದೂ ಸುಮಾರು ಒಂದು ಘನ ಮೀಟರ್. ಅದಕ್ಕಿಂತ ತೀರಾ ಚಿಕ್ಕದಾದರೆ ರಾಶಿಯಲ್ಲಿ ಬಿಸಿ ನಿಲ್ಲುವುದಿಲ್ಲ. ಯಂತ್ರದ ಪುಡಿಯನ್ನು ತರಗೆಲೆ ಜೊತೆ ಕಲಸಿ, ಮತ್ತೆ ತೇವ ಮಾಡಿ ಇದಕ್ಕೆ ತುಂಬುತ್ತೇವೆ. ಕರೆಂಟು ಖರ್ಚು ಮಾಡಿ ಒಣಗಿಸಿ, ಆಮೇಲೆ ಪೈಪು ಹಿಡಿದು ನೀರು ಹಾಕೋದು. ನಗು ಬರುತ್ತೆ, ಆದರೆ ನಡೆಯುತ್ತಿರುವುದು ಹಾಗೇ.

ತೊಟ್ಟಿ ನೋಡಿಕೊಳ್ಳುವ ಅಕ್ಕನ ಕೈ ಅಳತೆಗೆ ಯಾವ ಸೆನ್ಸರೂ ಸಮನಲ್ಲ. ರಾಶಿಯ ಒಳಗಿನಿಂದ ಒಂದು ಹಿಡಿ ತೆಗೆದು ಹಿಂಡುತ್ತಾರೆ. ಬೆರಳ ಸಂದಿಯಿಂದ ನೀರು ಇಳಿದರೆ ಇನ್ನಷ್ಟು ಎಲೆ. ಮುಷ್ಟಿ ಬಿಚ್ಚಿದ ಕೂಡಲೇ ಉದುರಿದರೆ ನೀರು. ಉಂಡೆಯಾಗಿ ನಿಂತು, ಕೈಗೆ ತೇವ ತಾಗಿದರೆ ಸರಿ. “ಹೆಚ್ಚು ಕಲಕಬೇಡಿ ಸಾರ್, ಬಿಸಿ ಹೋಗ್ತದೆ” ಅಂತ ನನ್ನನ್ನೇ ಗದರುತ್ತಾರೆ. ರಾಶಿಯ ನಡುವೆ 55 ಡಿಗ್ರಿ ಸೆಲ್ಸಿಯಸ್ ಮೂರು ದಿನವಾದರೂ ನಿಂತರೆ ರೋಗಾಣು, ಕಳೆಬೀಜ ಬಹುಪಾಲು ಸಾಯುತ್ತವೆ. ಹೊರ ಅಂಚಿನದ್ದಕ್ಕೂ ಆ ಬಿಸಿ ತಾಗಲಿ ಅಂತ ಆಮೇಲೆ ಮಗುಚಿ ಹಾಕಬೇಕು.

ತರಗೆಲೆ ಎಷ್ಟು ಅನ್ನುವುದರಲ್ಲೇ ಎಲ್ಲ ಇದೆ. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದರೆ ಕಸ ಸಲೀಸಾಗಿ ಕೊಳೆಯುತ್ತದೆ. ಅಡುಗೆಮನೆ ಕಸದಲ್ಲಿ ಇಂಗಾಲ ಸುಮಾರು 15 ಪಾಲು ಮಾತ್ರ. ಒಣ ಎಲೆಯಲ್ಲಿ 40ರಿಂದ 80. ಮರದ ಹೊಟ್ಟಿನಲ್ಲಿ ನೂರಾರು, ಹಾಗಾಗಿ ಅದನ್ನು ಕೈ ಬಿಗಿ ಹಿಡಿದೇ ಹಾಕಬೇಕು. ಒಣಗಿಸದ ಹಸಿ ಕಸವಾದರೆ ಒಂದು ಬಕೆಟ್‌ಗೆ ಒಂದೂವರೆ ಎರಡು ಬಕೆಟ್ ಎಲೆ ಬೇಕು. ಲೆಕ್ಕ ತಪ್ಪಿದ್ದನ್ನು ಮೂಗೇ ಹೇಳುತ್ತದೆ. ಮೂಗಿಗೆ ಚುಚ್ಚುವ ಅಮೋನಿಯಾ ವಾಸನೆ ಬಂದರೆ ಎಲೆ ಕಡಿಮೆ. ಕೊಳೆತ ಮೊಟ್ಟೆಯ ವಾಸನೆಯಾದರೆ ನೀರು ಜಾಸ್ತಿಯಾಗಿ ಗಾಳಿ ಹೋಗುತ್ತಿಲ್ಲ. ವಾಸನೆ ಬರುತ್ತಿದೆ ಅಂತ ಮನೆಯವರು ದೂರು ಕೊಟ್ಟಾಗ ನಾನು ಮೊದಲು ಕೇಳುವುದೇ, ಎಂಥ ವಾಸನೆ ಅಂತ.

ಇನ್ನೊಂದು ದೂರು ಹುಳದ್ದು. ತೊಟ್ಟಿಯಲ್ಲಿ ಬೂದು ಬಣ್ಣದ ದಪ್ಪ ಹುಳ ಕಂಡು ಕಿರುಚಿದವರಿದ್ದಾರೆ. ಅದು ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನುವ ನೊಣದ ಮರಿ. ಕಸವನ್ನು ಗಬಗಬ ತಿಂದು ಮುಗಿಸುತ್ತದೆ. ಆ ನೊಣ ಕಚ್ಚುವುದಿಲ್ಲ. ನನ್ನ ಮಟ್ಟಿಗೆ ಅದು ಸಂಬಳ ಕೇಳದ ಕೆಲಸಗಾರ.

ಯಂತ್ರ ಕೆಟ್ಟಾಗಲೆಲ್ಲ ಕಾರಣ ಬಹುತೇಕ ಒಂದೇ, ಒಳಗೆ ಹೋಗಬಾರದ್ದು ಹೋಗಿರುತ್ತದೆ. ಚಮಚ, ರಬ್ಬರ್ ಬ್ಯಾಂಡ್, ಹೂವು ಕಟ್ಟಿದ ದಾರ. ಮೂಳೆಗಿಂತ ದಾರವೇ ಅಪಾಯ. ಬ್ಲೇಡಿನ ದಂಡಕ್ಕೆ ಸುತ್ತಿಕೊಂಡು ಬೇರಿಂಗಿನವರೆಗೂ ಹೋಗುತ್ತದೆ. ‘ಕೊಳೆಯುವ ಪ್ಲಾಸ್ಟಿಕ್’ ಅಂತ ಬರೆದ ಚೀಲಗಳಿಗೂ ನಾವು ಬಾಗಿಲು ಹಾಕಿದ್ದೇವೆ. ಅವುಗಳಲ್ಲಿ ಬಹಳಷ್ಟು ಕೊಳೆಯಲು ದೊಡ್ಡ ಘಟಕಗಳ ಸತತ ಬಿಸಿಯೇ ಬೇಕು. ಎಎಂಸಿ, ಅಂದರೆ ವರ್ಷದ ನಿರ್ವಹಣೆ ಒಪ್ಪಂದ, ಇದ್ದರೂ ಬ್ಲೇಡು, ಫಿಲ್ಟರಿನ ದುಡ್ಡು ಬೇರೆ. ವಾಸನೆ ತಡೆಯುವ ಇದ್ದಿಲಿನ ಫಿಲ್ಟರ್ ಕೆಲವು ತಿಂಗಳಿಗೆ ಸೋಲುತ್ತದೆ. ಇದನ್ನು ಮಾರುವಾಗ ಯಾರೂ ಬಾಯಿಬಿಡಲಿಲ್ಲ.

ಒಣ ಕಸಕ್ಕೆ ಯಂತ್ರ ಬೇಕಿಲ್ಲ, ಬೇರ್ಪಡಿಸುವ ಮೇಜು ಸಾಕು. ಪ್ಲಾಸ್ಟಿಕ್ ಮೇಲಿನ ತ್ರಿಕೋನದಲ್ಲಿರುವ 1, 2, 5 ಸಾಮಾನ್ಯವಾಗಿ ಮಾರಾಟವಾಗುತ್ತವೆ. ಆ ಗುರುತಿದ್ದ ಮಾತ್ರಕ್ಕೆ ಎಲ್ಲವೂ ಮರುಬಳಕೆ ಆಗುತ್ತದೆ ಅಂತಲ್ಲ, ಅದು ಯಾವ ಪ್ಲಾಸ್ಟಿಕ್ ಅಂತ ಹೇಳುತ್ತದೆ ಅಷ್ಟೇ. ಒಳಗೆ ಬೆಳ್ಳಿಯಂತೆ ಹೊಳೆಯುವ ಪ್ಯಾಕೆಟ್ ಹಲವು ಪದರದ್ದು, ಕೊಳ್ಳುವವರೇ ಕಡಿಮೆ. ಲಿಥಿಯಂ ಬ್ಯಾಟರಿ ಮಾತ್ರ ಬೇರೆ ಡಬ್ಬಿಗೇ ಹೋಗಬೇಕು. ಲಾರಿಯಲ್ಲಿ ಜಜ್ಜಿಹೋದರೆ ಬೆಂಕಿ ಹತ್ತಬಹುದು.

ಐದಕ್ಕೆ ಎರಡೂವರೆ ಸ್ಟಾರ್. ಕೊಳ್ಳಲೇಬೇಕು ಅಂತಿದ್ದರೆ ಮಾರುವವರ ಹತ್ತಿರ ಒಂದು ಚೀಲ ಪುಡಿ ಕೇಳಿ ಪಡೆಯಿರಿ. ಅದನ್ನು ಮಣ್ಣಿಗೆ ಕಲಸಿ ಸಾಸಿವೆ ಬಿತ್ತಿ, ಪಕ್ಕದಲ್ಲಿ ಬರೀ ಮಣ್ಣಿನ ಕುಂಡ ಇಟ್ಟು ಮೊಳಕೆ ಹೋಲಿಸಿ ನೋಡಿ. ನಮ್ಮಲ್ಲಿ ಮುಂದಿನ ಸಲ ಮೋಟಾರ್ ಸುಟ್ಟರೆ ರಿಪೇರಿ ಇಲ್ಲ ಅಂತ ಕಮಿಟಿ ಒಪ್ಪಿದೆ. ಕಸವನ್ನು ಚೂರು ಮಾಡುವ ಒಂದು ಗಟ್ಟಿ ಶ್ರೆಡರ್ ತಗೊಂಡು, ಉಳಿದ ದುಡ್ಡಿಗೆ ಇನ್ನೂ ನಾಲ್ಕು ಜಾಲರಿ ತೊಟ್ಟಿ, ಮತ್ತು ಅಕ್ಕನ ಜೊತೆಗೆ ಇನ್ನೊಬ್ಬರನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತೇವೆ.