ಮುಖದ ಸುಕ್ಕಿಗೆ ಅಂತ ಬರ್ತಿರೋ ಬಿಳಿ ಡಬ್ಬಿ ತಗೋಬೇಡಿ

ಚಿಕ್ಕಮಗಳೂರು, ಆಲ್ದೂರು ಕಡೆ ಹೆಂಗಸರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಕ್ರೀಮ್ ಓಡಾಡ್ತಿದೆ. "15 ದಿನದಲ್ಲಿ ಸುಕ್ಕು ಮಾಯ, ಪೂರಾ ಹರ್ಬಲ್, ಸೈಡ್ ಎಫೆಕ್ಟ್ ಇಲ್ಲ" ಅಂತ ಜೊತೆಗೊಂದು ಆಡಿಯೋ ಬೇರೆ. ನಮ್ಮ ಚಿಕ್ಕಮ್ಮ ಅದನ್ನು ಹಚ್ಚಿ ಪಟ್ಟ ಪಾಡು ನೋಡಿದ ಮೇಲೆ ಸುಮ್ಮನಿರೋಕೆ ಆಗ್ತಿಲ್ಲ. ಮಾರುವವರ ಹೆಸರು ಹಾಕೋದಿಲ್ಲ, ಹಾಕಿದರೂ ಉಪಯೋಗವಿಲ್ಲ. ಇಂಥವರು ಸ್ಟಿಕರ್ ಬದಲಾಯಿಸಿ ಇನ್ನೊಂದು ಹೆಸರಲ್ಲಿ ಬರ್ತಾರೆ.

ಚಿಕ್ಕಮ್ಮನಿಗೆ ಐವತ್ತು ದಾಟಿದೆ. ಮಗನ ಮದುವೆ ಹತ್ತಿರ ಬಂದಿತ್ತು, ಫೋಟೋದಲ್ಲಿ ಮುಖ ಲಕ್ಷಣವಾಗಿ ಕಾಣಲಿ ಅನ್ನೋದು ಯಾವ ತಾಯಿಗೆ ಇರಲ್ಲ? ಪರಿಚಯದವರೇ ಹೇಳಿದ್ದು ಅಂತ 1,200 ರೂಪಾಯಿ ಕೊಟ್ಟು ತರಿಸಿದರು. ಬೆರಳುದ್ದದ ಪ್ಲಾಸ್ಟಿಕ್ ಡಬ್ಬಿ, ಮೇಲೆ ಗುಲಾಬಿ ಚಿತ್ರ, ಬಂಗಾರದ ಅಕ್ಷರ. ತಯಾರಿಸಿದವರ ವಿಳಾಸ ಇಲ್ಲ, ಲೈಸೆನ್ಸ್ ನಂಬರ್ ಇಲ್ಲ, ಬ್ಯಾಚ್ ನಂಬರ್ ಇಲ್ಲ, ಎಕ್ಸ್‌ಪೈರಿ ಇಲ್ಲ, ಒಳಗೆ ಏನೇನು ಹಾಕಿದ್ದಾರೆ ಅನ್ನೋದಂತೂ ಇಲ್ಲವೇ ಇಲ್ಲ. ಇಷ್ಟೂ ಇರಲೇಬೇಕು ಅನ್ನುತ್ತೆ ಕಾನೂನು.

ಮೊದಲಿಗೆ ಕೆಲಸ ಮಾಡ್ತು, ಅದನ್ನು ಮುಚ್ಚಿಡಲ್ಲ. ಮುಖ ಬೆಳ್ಳಗೆ, ನುಣ್ಣಗೆ ಆಯ್ತು. ಮದುವೆ ಮನೆಯಲ್ಲಿ ಎಲ್ಲರೂ "ಏನ್ ಹಚ್ತೀರಿ ಅಕ್ಕ" ಅಂತ ಕೇಳಿದ್ದೇ ಕೇಳಿದ್ದು, ಅಲ್ಲೇ ಇನ್ನಷ್ಟು ಡಬ್ಬಿ ಖರ್ಚಾದವು. ಈ ವ್ಯಾಪಾರ ಬೆಳೆಯೋದೇ ಹೀಗೆ.

ಕೆಲವು ತಿಂಗಳು ಕಳೆದ ಮೇಲೆ ಕೆನ್ನೆ ಕೆಂಪಾಗೋಕೆ ಶುರು. ಹತ್ತಿರದಿಂದ ನೋಡಿದರೆ ಚರ್ಮದಡಿ ಕೆಂಪು ನೂಲು ಹರಡಿದ ಹಾಗೆ ಸಣ್ಣ ಸಣ್ಣ ರಕ್ತನಾಳ. ಗದ್ದದ ಹತ್ತಿರ ಕೂದಲು, ಈ ವಯಸ್ಸಲ್ಲಿ ಮೊಡವೆ. ಒಂದು ದಿನ ಹಚ್ಚದಿದ್ದರೆ ಉರಿಯೋ ಉರಿ. ಅಕ್ಕಿ ರೊಟ್ಟಿ ಬೇಯಿಸುವಾಗ ಕಾವಲಿಯ ಶಾಖ ತಾಳಲಾರದೆ ಮುಖ ಆ ಕಡೆ ತಿರುಗಿಸಿಕೊಂಡೇ ರೊಟ್ಟಿ ಮಗುಚುತ್ತಿದ್ದರು. ಮತ್ತೆ ಹಚ್ಚಿದರೆ ಉರಿ ತಣ್ಣಗಾಗುತ್ತಿತ್ತು, ಹಾಗಾಗಿ ಮತ್ತೊಂದು ಡಬ್ಬಿ. ಮಾರಿದಾಕೆಗೆ ಫೋನ್ ಮಾಡಿದರೆ "ನಿಮಗೆ ಹೀಟ್ ಜಾಸ್ತಿ, ಎಳನೀರು ಕುಡೀರಿ" ಅಂದಳು. ಆಮೇಲೆ ನಂಬರ್ ಬ್ಲಾಕ್.

ಪೇಟೆಯ ಚರ್ಮದ ಡಾಕ್ಟರು ಮುಖ ನೋಡ್ತಿದ್ದಂತೆ ಕೇಳಿದ್ದೇ "ಡಬ್ಬಿ ತಂದಿದೀರಾ?" ಅಂತ. ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸಿಲ್ಲ, ಆದರೆ ಲಕ್ಷಣವೆಲ್ಲ ಸ್ಟೀರಾಯ್ಡ್ (ಚರ್ಮದ ಊತ, ತುರಿಕೆ ತಗ್ಗಿಸೋ ಔಷಧ) ಮುಲಾಮಿನದೇ ಅಂದರು. ಸ್ಟೀರಾಯ್ಡ್ ಹಚ್ಚಿದಾಗ ರಕ್ತನಾಳ ಕುಗ್ಗಿ ಮುಖ ತಾತ್ಕಾಲಿಕವಾಗಿ ಬಿಳಿಚಿಕೊಳ್ಳುತ್ತೆ, ಅದನ್ನೇ ನಾವು ಹೊಳಪು ಅಂದುಕೊಳ್ತೀವಿ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವನ್ನು ಬಿಗಿಯಾಗಿಡೋ ಕೊಲಾಜೆನ್ ಅನ್ನೋ ಪ್ರೋಟೀನ್ ಕಡಿಮೆಯಾಗಿ ಚರ್ಮ ತೆಳುವಾಗುತ್ತೆ. ಸುಕ್ಕು ಬೀಳೋದೂ ಕೊಲಾಜೆನ್ ಕಡಿಮೆಯಾಗಿಯೇ! ಅಂದರೆ ದುಡ್ಡು ಕೊಟ್ಟು ಸುಕ್ಕು ತಂದುಕೊಂಡ ಹಾಗಾಯ್ತು. ಮೆಡಿಕಲ್ ಶಾಪಿನ ಸ್ಟೀರಾಯ್ಡ್ ಟ್ಯೂಬೂ ಇದೇ ಸಾಲಿನದು. 2018ರಿಂದ ಅವನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ, ಆದರೂ "ಫೇಸ್ ಕ್ರೀಮ್ ಕೊಡಿ" ಅಂದರೆ ಕೊಟ್ಟುಬಿಡೋರು ಇದ್ದಾರೆ.

ಡಾಕ್ಟರು ಇನ್ನೊಂದು ಮಾಡಿದರು. ಚಿಕ್ಕಮ್ಮನ ರವಿಕೆ ತೋಳನ್ನು ಸ್ವಲ್ಪ ಮೇಲೆ ಸರಿಸಿ, ತೋಳಿನ ಒಳಭಾಗವನ್ನೂ ಮುಂಗೈಯನ್ನೂ ಪಕ್ಕಪಕ್ಕ ತೋರಿಸಿದರು. ಒಳಗಿನ ಚರ್ಮ ನಯ, ಮುಂಗೈ ತುಂಬ ಗೆರೆ. ಎರಡಕ್ಕೂ ಅದೇ ವಯಸ್ಸು! ಮುಟ್ಟು ನಿಂತ ಮೇಲೆ ಮೊದಲ ಐದು ವರ್ಷದಲ್ಲೇ ಕೊಲಾಜೆನ್ ಶೇ 30ರವರೆಗೂ ಇಳಿಯಬಹುದು, ಬೀಡಿ ಸಿಗರೇಟಿನಿಂದಲೂ ಸುಕ್ಕು ಬೇಗ ಬರುತ್ತೆ. ಆದರೆ ಇಷ್ಟು ವ್ಯತ್ಯಾಸ ಮಾಡಿದ್ದು ಬಿಸಿಲು. ಪ್ರತಿ ವರ್ಷ ಕೊಯ್ಲು ಮುಗಿಯೋವರೆಗೂ ಕಣದಲ್ಲಿ ಕಾಫಿ ಎಳೆದು ಒಣಗಿಸೋದು ಚಿಕ್ಕಮ್ಮನೇ. ನಮ್ಮಲ್ಲಿ ಮೋಡ, ಮಂಜು, ಬಿಸಿಲೆಲ್ಲಿ ಅಂತೀವಿ. ಬಿಸಿಲಲ್ಲಿರೋ, ಸುಕ್ಕು ತರುವ ಯುವಿಎ ಅನ್ನೋ ಕಣ್ಣಿಗೆ ಕಾಣದ ಕಿರಣ ಮೋಡವನ್ನೂ ಕಿಟಕಿ ಗಾಜನ್ನೂ ದಾಟಿ ಬರುತ್ತೆ. ಅಮೆರಿಕದಲ್ಲಿ 28 ವರ್ಷ ಲಾರಿ ಓಡಿಸಿದ ಒಬ್ಬರ ಫೋಟೋ 2012ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು, ಕಿಟಕಿ ಕಡೆಯ ಎಡಗೆನ್ನೆ ಮಾತ್ರ ಜೋತುಬಿದ್ದು ಸುಕ್ಕಾಗಿದೆ. ಅಲ್ಲಿ ಡ್ರೈವರ್ ಕೂರೋದು ಎಡಕ್ಕೆ, ನಮ್ಮಲ್ಲಿ ಬಲಕ್ಕೆ, ಹಾಗಾಗಿ ನಮ್ಮ ಜೀಪಿನವರಿಗಾದರೆ ಬಲಗೆನ್ನೆ.

ನಿಜವಾದ ಚಿಕಿತ್ಸೆ ಇಲ್ಲ ಅಂತಲ್ಲ, ಆದರೆ ಎಲ್ಲ ನಿಧಾನ. ಎಸ್‌ಪಿಎಫ್ (ಬಿಸಿಲು ತಡೆಯೋ ಶಕ್ತಿಯ ಅಂಕಿ) 30ಕ್ಕೆ ಕಡಿಮೆಯಿಲ್ಲದ, ಯುವಿಎಯನ್ನೂ ತಡೆಯುವ ಸನ್‌ಸ್ಕ್ರೀನ್ ಮೊದಲು. ಹೊರಗಿದ್ದರೆ ಎರಡು ಗಂಟೆಗೊಮ್ಮೆ. ಟ್ರೆಟಿನಾಯಿನ್ ಅನ್ನೋ ಮುಲಾಮು ರಾತ್ರಿ ಬಟಾಣಿಯಷ್ಟು ಹಚ್ಚೋದು, ಫಲ ಕಾಣೋಕೆ ತಿಂಗಳುಗಳು ಬೇಕು, ಮೊದಲು ಸಿಪ್ಪೆ ಏಳುತ್ತೆ, ಬಸುರಿಯರಿಗೆ ಬೇಡ. ಸುಕ್ಕಿಗೆ ಕೊಡೋ ಬೊಟಾಕ್ಸ್ ಇಂಜೆಕ್ಷನ್ನಿನ ಫಲ ಮೂರು ನಾಲ್ಕು ತಿಂಗಳು ನಿಲ್ಲುತ್ತೆ, ಪಾರ್ಲರಿನಲ್ಲಿ ಚುಚ್ಚಿಸಿಕೊಳ್ಳೋ ಸಾಹಸ ಮಾತ್ರ ಬೇಡ ಮಾರಾಯ್ರೇ. ಚಿಕ್ಕಮ್ಮನಿಗೆ ಸದ್ಯ ಇವ್ಯಾವುದೂ ಇಲ್ಲ, ಬರೀ ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ತಲೆಗೆ ಅಗಲದ ಟೋಪಿ. ಉರಿ ಇಳಿದಿದೆ, ಕೆಂಪು ನಾಳಗಳು ಇನ್ನೂ ಇವೆ.

ಈಗಾಗಲೇ ಹಚ್ಚುತ್ತಿರೋರು ಇದನ್ನು ಓದಿ ಗಾಬರಿಯಿಂದ ಇವತ್ತೇ ನಿಲ್ಲಿಸಿ ಮನೆಯಲ್ಲಿ ಕೂರಬೇಡಿ. ತಟ್ಟನೆ ಬಿಟ್ಟರೆ ಮುಖ ಊದಿ ಉರಿ ಹೆಚ್ಚಾಗಬಹುದು, ಹೇಗೆ ಬಿಡಬೇಕು ಅಂತ ಚರ್ಮದ ಡಾಕ್ಟರೇ ಹೇಳಬೇಕು. ಹೋಗುವಾಗ ಡಬ್ಬಿ ಎಸೆಯದೆ ತಗೊಂಡು ಹೋಗಿ. ಔಷಧ ನಿಯಂತ್ರಣ ಅಧಿಕಾರಿಗಳಿಗೆ ದೂರು ಕೊಡೋದಾದರೂ ಅದೇ ಬೇಕು, ಜೊತೆಗೆ ದುಡ್ಡು ಕಳಿಸಿದ ಫೋನ್‌ಪೇ ಸ್ಕ್ರೀನ್‌ಶಾಟ್ ಇಟ್ಟುಕೊಂಡಿರಿ.